ಇಪ್ಪತ್ತರ ಗೆರಿ

ಶುಕ್ರವಾರ, ಸಂತಿ ದಿನ. ಮಾಪುಸಾದ ಮೀನ ಮಾರ್ಕೆಟ್ಟಿನ ಹಿಂದ
ಗ್ಯಾರೇಜಿನ ಷಟರು ಅರ್ಧ ಎತ್ತಿದ್ದೆ, ಅಷ್ಟರಾಗ
ಕಾಯ್ತಾನ್ ಬಾಬ್ ಬಂದ, ತನ್ನ ಯೆಜ್ಡಿ ತಾನ ನೂಕಿಕೊಂಡು,
ಎಪ್ಪತ್ತೆರಡು ವಯಸ್ಸು, ಅಂಗಿ ಬೆನ್ನಿಗಂಟಿತ್ತು.

ಮುಂದಿನ ಮಡಗಾರ್ಡಿಗೆ ಇನ್ನೂ ಹಳದಿ ಬಣ್ಣ.
ಮೂವತ್ತೊಂದು ವರ್ಷ ಪೈಲಟ್ ಆಗಿದ್ದವ.
ವಿಮಾನದ್ದಲ್ಲ. ಹಿಂದ ಒಬ್ಬರನ್ನ ಕೂರಿಸಿಕೊಂಡು
ಪೊಂಬುರ್ಪಾ ಫೆರಿತನಕ ಬಿಡೋ ಪೈಲಟ್.
ಮೀನಬುಟ್ಟಿ ಹೊತ್ತವಳು, ಮಣ್ಣಿಗೆ ತಡಾದ ಪಾದ್ರಿ,
ಒಂದ್ಸಲ ಬ್ಯಾನಿ ಹತ್ತಿದ ಬಸರಿ,
ಎಲ್ಲಾರೂ ಇದರ ಸೀಟಿನ ಮ್ಯಾಲ ಕುಂತೆದ್ದವರು.

"ಮಳಿಗಾಲ ಪೂರಾ ಗೋಣಿಚೀಲ ಹೊದಿಸಿಟ್ಟಿದ್ದೆ ಪಾತ್ರಾಂವ್,
ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿ, ತುಕ್ಕು ಹಿಡೀಬಾರದಂತ.
ಈಗ ಒದ್ದರ ಒಂದು ಕೆಮ್ಮು. ಅಷ್ಟ."

ಕಾರ್ಬೊರೇಟರ್ ಬಿಚ್ಚಿದೆ.
ಹಿತ್ತಾಳಿ ಜೆಟ್ಟಿಗೆ ಹಸಿರು ಕಿಲುಬು, ಪೂಜಿ ನಿಂತ ಗುಡಿಯ ಗಂಟಿಗೆ ಹಿಡಿದಂಗ.
ರಬ್ಬರ್ ವಾಷರು ನೀರಾಗ ನೆನೆದ ಹುಣಸಿ ಬೀಜ.
ಪೈಪು ಮುಟ್ಟಿದರ ಬೆರಳಿಗೆ ಕಪ್ಪು.

ಮಗಳು ಬಿಟ್ಟ ಗಾಜಿನ ಹಾಲಿನ ಬಾಟಲಿ ಒಂದೈತಿ ನನ್ನ ಹತ್ರ,
ಮೈಮ್ಯಾಲ ಗೆರಿ. ಇಪ್ಪತ್ತರ ತನಕ ನೀರು,
ಅಲ್ಲಿಂದ ನೂರಾ ಇಪ್ಪತ್ತರ ತನಕ ಇವತ್ತಿನ ಬಂಕಿನ ಪೆಟ್ರೋಲು.
ಬೂಚು ಹಾಕಿ, ಕುಲುಕಿ, ಕಟ್ಟಿ ಮ್ಯಾಲ ಇಟ್ಟೆ.
ಬೀಡಿ ಹಚ್ಚೋ ಹಂಗಿಲ್ಲ. ಸುಮ್ಮ ನೋಡಿದ್ವಿ.
ಬಗ್ಗಡ ತಿಳಿಯಾತು. ನಡುವ ಕೂದಲೆಳಿಯಂಥ ಒಂದು ಗೆರಿ.
ನೀರು ನಲವತ್ತಕ್ಕ ಏರಿ ಕುಂತಿತ್ತು.

"ಇನ್ನಿಪ್ಪತ್ತು ಎಲ್ಲಿಂದ ಬಂತು?"
"ಅದು ನೀರಲ್ಲ ಬಾಬ್. ನೀರಿನ ಕೈ ಹಿಡಿದು
ಪೆಟ್ರೋಲಿನ ಮನಿ ಬಿಟ್ಟು ಬಂದದ್ದು. ಕಬ್ಬಿನ ಸೆರೆ."

ಕಾಯ್ತಾನ್ ನಕ್ಕ. ಹಲ್ಲು ಕಡಿಮಿ, ನಗಿ ದೊಡ್ಡದು.
ಅವ ಫೆನಿ ಬಿಟ್ಟು ಹನ್ನೊಂದು ವರ್ಷ,
ಹೆಂಡ್ತಿ ಎಸ್ಪೆರಾನ್ಸಾನ ಪೆಟ್ಟಿಗಿ ಮ್ಯಾಲ ಕೈಯಿಟ್ಟು ಬಿಟ್ಟದ್ದು.
"ನಾ ಬಿಟ್ಟೆ," ಅಂದ, "ಇದು ಕಲೀತು."

ನಾ ಮೂಗು ಒಡ್ಡಿದ್ದೆ.
ಸ್ಪಿರಿಟ್ಟಿಗೆ ಕಾಕಂಬಿ ವಾಸನಿ ಇರಂಗಿಲ್ಲ, ನನಗ ಗೊತ್ತು.
ಆದರೂ ಬಂತು.
ಮುಧೋಳದ ರಸ್ತೆ, ರಾತ್ರಿ ಎರಡು,
ಅಪ್ಪನ ಟ್ರ್ಯಾಕ್ಟರ್, ಹಿಂದ ಎರಡು ಟ್ರೇಲರ್ ಕಬ್ಬು,
ನಿದ್ದಿ ಬರಬಾರದಂತ ಡೆಕ್ಕಿನಾಗ ಎದಿ ಒಡಿಯೋ ಹಾಡು.
ಗೇಟಿನ ಪಾಳೇದಾಗ ನನಗೊಂದು ಗಣಿಕಿ ಜಗ್ಗಿ ಕೊಡತಿದ್ದ.
ಆ ಕಬ್ಬು ಅನಮೋಡ ಘಟ್ಟ ಇಳಿದು ಬಂದೈತೇನು,
ಸಕ್ಕರಿ ಆಗದ, ಬೆಲ್ಲ ಆಗದ,
ಮೈಸೂರಿನಾಗ ಹುಟ್ಟಿದ ಗಾಡಿಯ ಗಂಟಲಕ್ಕ?
ಮೂರೂ ಮಂದಿ ಘಟ್ಟದ ಮ್ಯಾಲಿನವರು.
ಇಲ್ಲಿ ಕೂಡಿದ್ವಿ. ಹೊಂದಲಿಲ್ಲ.

ಅವ ಕಿಸೆದಿಂದ ನೀಲಿ ಔಷಧ ತಗದ,
ಲಿಸ್ಬನ್ನಿನಿಂದ ಅಳಿಯ ಕಳಿಸಿದ್ದು, ಸೀಲ್ ಒಡೆದಿಲ್ಲ.
"ಹಿಂದ ಡಾಂಬರ ಗುಳಿಗಿ ಹಾಕತಿದ್ವಿ, ಏರು ಹತ್ತಲಿ ಅಂತ.
ಗಾಡಿ ಹತ್ತಿತೋ ಇಲ್ಲೋ,
ಹಿಂದ ಕುಂತವರ ಸೀರಿಗೆ ನುಸಿ ಹತ್ತಲಿಲ್ಲ."

"ಇದು ಮೊದಲ ಹಾಕಬೇಕಿತ್ತು ಬಾಬ್.
ಒಡೆದ ಹಾಲಿಗೆ ಹೆಪ್ಪು ಹಾಕಿದರ ಮೊಸರಾಗಂಗಿಲ್ಲ."

ಟ್ಯಾಂಕಿನ ತಳದಾಗ ಎರಡು ಕಪ್ ನೀರುಸೆರೆ, ಚೆಲ್ಲಿದೆ.
ಹೊಸ ಪೈಪು, ಹೊಸ ವಾಷರು,
ಕ್ಲಚ್ ವಾಯರಿನ ಒಂದೆಳಿಯಿಂದ ಜೆಟ್ಟಿನ ಕಣ್ಣು ಬಿಡಿಸಿದೆ.
ಆಯಿಲ್ ಕಲಿಸಿದ ಲೀಟರ್ ಪೆಟ್ರೋಲ್, ಒಂದು ಮುಚ್ಚಳ ನೀಲಿ.
ಮೂರನೇ ಒದಿಕಿಗೆ ಹೊಗಿ, ಆಮ್ಯಾಲ
ಬಿಸಿ ಎಣ್ಣಿಗೆ ಸಾಸಿವಿ ಬಿದ್ದಂಥ ಸಪ್ಪಳ.

"ಇನ್ನ ಕೂಡಿಡಬ್ಯಾಡ. ಈಗಿನ ಪೆಟ್ರೋಲು ಕೂಡಿಡೋ ಜಾತಿ ಅಲ್ಲ.
ಲೀಟರ್ ಹಾಕು, ಲೀಟರ್ ಸುಡು."
"ಎಲ್ಲಿಗೆ ಹೋಗಲಿ? ಸವಾರಿ ಯಾರದಾರ?"

ಕೈ ಒರಸಿಕೊಂಡೆ. ಷಟರು ಎಳದೆ.
ಹಿಂದ ಕುಂತು ಕೇಳಿದೆ, ಫೆರಿತನಕ ಎಷ್ಟು?

ಮುಖ ತಿರುಗಿಸದ, ಗೇರ್ ಹಾಕುತ್ತ,
ನಾ ಇನ್ನೂ ಮುಧೋಳದಾಗಿದ್ದ ಕಾಲದ ರೇಟು ಹೇಳಿದ:
ನಾಲ್ಕು ರೂಪಾಯಿ. ಚಿಲ್ಲರ ಇರಲಿ.