ಎಡಗಾಲು

ಗಾಡಿಯ ಕೆಳಗೆ ರೇವಣಸಿದ್ಧ.
ತೆರೆದ ಬಾಗಿಲಿನಿಂದ ನನಗೆ ಕಾಣುವುದು
ಅವನ ಎರಡು ಹಿಮ್ಮಡಿ, ಹಾಸಿಕೊಂಡ ಸಿಮೆಂಟು ಚೀಲದ ಅಂಚು.
ಸೀಟಿನಲ್ಲಿ ನಾನು, ಚಪ್ಪಲಿ ಕಳಚಿ,
ಎಡಗಾಲು ಕ್ಲಚ್ಚಿನ ಮೇಲೆ.

‘ಒತ್ತು’ ಅನ್ನುತ್ತಾನೆ. ಒತ್ತುತ್ತೇನೆ.
‘ಹಿಡಿ.’
ಸ್ಪ್ಯಾನರು ಕಾಲು ಸುತ್ತು ತಿರುಗುತ್ತದೆ, ಸುರ್ ಎಂದು ಏನೋ ಹರಿಯುತ್ತದೆ,
ಮತ್ತೆ ಬಿಗಿಯುತ್ತದೆ.
‘ಈಗ ಬಿಡು.’
ಬಿಟ್ಟರೆ ಪೆಡಲು ಏಳುವುದಿಲ್ಲ.
ಕಾಲ್ಬೆರಳು ಹಾಕಿ ಎತ್ತಬೇಕು,
ನಿದ್ದೆ ಹತ್ತಿದ ಕೂಸಿನ ಕೈ ಎತ್ತಿದ ಹಾಗೆ.

ಗ್ಯಾರೇಜಿನವನು ಹನ್ನೊಂದು ಸಾವಿರ ಕೇಳಿದ್ದ.
ಅದಕ್ಕೇ ಭೋಸರಿಯ ಈ ಗಲ್ಲಿಯಲ್ಲಿ ನಿನ್ನೆ
ನನ್ನ ತಮ್ಮನ ಸಾರುವೆ ಹಗ್ಗ, ಎರಡು ಬೋಳು ಟಾಯರು,
ಶಾಲನ್‌ಕಾಕು ಕೊಟ್ಟ ಒಂದು ಹಾರೆ:
ಸುಮೋದ ಗೇರ್‌ಬಾಕ್ಸು ಇಳಿಸಿದೆವು.
ಹಳೆ ಪ್ಲೇಟು ಸವೆದು ಹಪ್ಪಳವಾಗಿತ್ತು.
ಹೊಸದಕ್ಕೆ ಕುಂಕುಮ ಹಚ್ಚಹೋದೆ, ಕೈ ತಡೆದ:
‘ಬ್ಯಾಡ, ಜಾರತದ.’
ಎಲ್ಲ ಬೋಲ್ಟೂ ತಮ್ಮ ತೂತಿಗೆ ಹೋದವು, ಒಂದೂ ಉಳಿಯಲಿಲ್ಲ.
ಆಗಲೇ ಅನುಮಾನ ಬರಬೇಕಿತ್ತು.

ಸಂಜೆ ರಿವರ್ಸ್ ಹಾಕಿದರೆ
ಕರ್ರ್ ಎಂದು ಹಲ್ಲು ಕಡಿಯಿತು.
ಕ್ರಿಕೆಟ್ಟಿನ ಹುಡುಗರು ಬ್ಯಾಟು ಇಳಿಸಿ ನೋಡಿದರು.

ರಾತ್ರಿ ಎರಡಕ್ಕೆ ಎದ್ದು ಕೂತ.
ಇಂಜಿನ್ ಕಡೆ ಎಂದು ಬರೆದ ಮಗ್ಗಲು
ಇಂಜಿನ್ ಕಡೆಗೇ ಇತ್ತೋ, ಉಲ್ಟಾ ಬಿತ್ತೋ?
ಉಲ್ಟಾ ಇದ್ದರೆ ಎಲ್ಲ ಮತ್ತೆ ಇಳಿಸಬೇಕು.
‘ನೀ ಬ್ಯಾಟರಿ ಹಿಡದಿದ್ದಿ, ನೋಡಿದೇನು?’
‘ನೋಡೀನಿ, ಸರಿ ಇತ್ತು’ ಎಂದೆ.
ನೋಡಿರಲಿಲ್ಲ. ಅವನು ಮಲಗಲಿ ಎಂದು ಅಂದದ್ದು.
ಮಲಗಿದ. ಆಮೇಲೆ ನಾನು ಎಚ್ಚರ.

ಬೆಳಗಿನಿಂದ ಮೂರನೇ ಡಬ್ಬಿ ಎಣ್ಣೆ.
ಪೈಪು ಉಬ್ಬಿಲ್ಲ. ನೆಲದ ಮೇಲೆ ಒಂದು ಹನಿ ಇಲ್ಲ.
ಮೇಲಿನ ಬುರುಡೆ ತುಂಬಿದೆ, ವಾಶರು ಹೊಸದು.
ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ,
ಒಳಗೆಲ್ಲೋ ಗಾಳಿ ಐತಿ, ಅನ್ನುತ್ತಾನೆ ಚೀಲದ ಮೇಲಿಂದ.
ಗಾಡಿಗೆ ಅವನು ಬೈಯುವುದು ಮರಾಠಿಯಲ್ಲಿ, ನನಗೆ ಕನ್ನಡದಲ್ಲಿ.
ಹನ್ನೆರಡರ ಹೊತ್ತಿಗೆ ಎರಡೂ ನಿಂತವು.

ಡ್ಯಾಶ್‌ಬೋರ್ಡಿನ ಮೇಲೆ ನನ್ನ ಕೆಲಸದ ಚೀಲ:
ಕರಣೆ, ಟೈಲ್ಸ್ ಒರೆಸುವ ಸ್ಪಂಜು, ರಸಮಟ್ಟ.
ಗಲ್ಲಿ ಇಳಿಜಾರು.
ರಸಮಟ್ಟದ ಗುಳ್ಳೆ ಎತ್ತರದ ತುದಿಗೆ ಅಂಟಿಕೊಂಡು ಕೂತಿದೆ.
ಎಂಟು ವರ್ಷ ಅದನ್ನು ನೋಡಿಯೇ ನೆಲ ಹಾಸಿದ್ದೇನೆ.
ನೋಡುತ್ತ ಕೂತೆ.
‘ಒತ್ತು’ ಎಂದ. ಒತ್ತಲಿಲ್ಲ.

ಇಳಿದು ಅವನ ಪಕ್ಕ ಚೀಲದ ಮೇಲೆ ಮಲಗಿದೆ.
ಬ್ಯಾಟರಿಯ ಬೆಳಕಿನಲ್ಲಿ ಆ ಪುಟ್ಟ ಸಿಲಿಂಡರು,
ಎರಡು ಬೋಲ್ಟಿನದು.
‘ಗಾಳಿ ಬಿಡೂ ಬಾಯಿ ಕೆಳಗ ಯಾಕದ?’
ಅವನು ಮಾತಾಡಲಿಲ್ಲ.
ಕೆಳಗಿನ ಬಾಯಿಂದ ನಾವು ಎಣ್ಣೆ ಬಸಿಯುತ್ತಲೇ ಇದ್ದೆವು,
ಗಾಳಿ ಮೇಲೆ ಹಾಯಾಗಿ ಕೂತಿತ್ತು.

ಎರಡು ಬೋಲ್ಟು ಬಿಚ್ಚಿ ತಿರುಗಿಸಿ ಕೂಡಿಸಿದ.
ಒತ್ತು. ಹಿಡಿ.
ಬಾಟ್ಲಿಯಲ್ಲಿ ಗುಳುಗುಳು, ಕೋಣ ನೀರು ಕುಡಿದಂತೆ.
ಆರನೇ ಸಲ ಪೆಡಲು ತಾನೇ ಎದ್ದು ಬಂದು
ಅಂಗಾಲಿಗೆ ತಾಗಿತು. ಒತ್ತಿದೆ. ಗಟ್ಟಿ.
‘ಬಂತು’ ಎಂದು ನಾನು ಕೂಗಿದ್ದು
ಶಾಲನ್‌ಕಾಕುವಿಗೂ ಕೇಳಿ, ಏನು ಬಂತು ಎಂದು ಹೊರಬಂದಳು.

ರಿವರ್ಸು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು.
ಹುಡುಗರು ಇಟ್ಟಿಗೆಯ ಸ್ಟಂಪು ಬೈಯುತ್ತ ಎತ್ತಿದರು.

ರಾತ್ರಿ ಬಚ್ಚಲ ಬಾಗಿಲಿಗೆ ಬಂದು ನಿಂತ.
‘ನೀ ನೋಡೀನಿ ಅಂದಿ. ಇಲ್ಲಾಂದ್ರ
ಮುಂಜಾನೆ ಎದ್ದವನೇ ಎಲ್ಲ ಇಳಸತಿದ್ದೆ ನೋಡು.’

ಎಡಗಾಲಿಗೆ ಸೋಪು ಹಚ್ಚುತ್ತಿದ್ದೆ.
ಇನ್ನೊಮ್ಮೆ ಹಚ್ಚಿದೆ.