ಉಳಿಸಿದ್ದು, ಅಳಿಸಿದ್ದು

ಕುತಾಯಿಸಿಯ ಬಿಳಿ ಸೇತುವೆ ದಾಟಿ ಬಂದಳು ತ್ಸಿಯಾಲಾ,
ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಏಳು ಫ್ಲಾಪಿ.
"ಇವು ನನ್ನ ಗಂಡ" ಎಂದಳು,
ತಿದ್ದಿಕೊಂಡಳು: "ಅವನು ಬರೆದದ್ದು."

ನನ್ನದು ಜೆರಾಕ್ಸ್ ಅಂಗಡಿ.
ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಶನ್, ಮದುವೆ ಕಾಗದ.
ಹಿಂದಿನ ಕೋಣೆಯಲ್ಲೊಂದು ಮುದಿ ಡ್ರೈವು,
ಬೂಷ್ಟು ಹಿಡಿದ ಡಿಸ್ಕಿಗೂ ಬಾಯಿ ಹಾಕಿ
ಕರಕರ ಅಗಿದು ಏನಾದರೂ ಉಗುಳೀತು.
ಆರು ಉಗುಳಿತು.
ಏಳನೆಯದಕ್ಕೆ ಗೊರಕೆ ಹೊಡೆದು ಸುಮ್ಮನಾಯಿತು.

ತೆರೆದರೆ, ನಮ್ಮ ಮೂವತ್ತಮೂರು ಅಕ್ಷರ
ಲ್ಯಾಟಿನ್ನಿನ ಅಂಗಿ ತೊಟ್ಟು ಪಿಳಿಪಿಳಿ ನೋಡುತ್ತಿವೆ.
ತ್ಬಿಲಿಸಿಯ ಯಾವನೋ ಹುಡುಗ ಆಗ ಹೊಲಿದ ಫಾಂಟು;
ಆ ದರ್ಜಿ ಈಗೆಲ್ಲೋ.
ಫಾಂಟು ಕಳೆದುಹೋದರೆ ಮಾತು ಬೆತ್ತಲಾಗುವುದಿಲ್ಲ,
ಬೇರೆಯವರ ಬಟ್ಟೆಯಲ್ಲಿ ಸಿಕ್ಕಿಬೀಳುತ್ತದೆ.

ಸಿಗರೇಟು ಪೊಟ್ಟಣದ ಬೆನ್ನಿಗೆ ಕೋಷ್ಟಕ ಬರೆದೆ,
ಯಾವ ಅಂಗಿಯೊಳಗೆ ಯಾರು ಅಂತ.
ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಭೇದವಿಲ್ಲ.
ಅದು ತಿಳಿಯದ ಪ್ರೋಗ್ರಾಮು
ವಾಕ್ಯವಾಕ್ಯದ ಮೊದಲಕ್ಷರವನ್ನೂ ದೊಡ್ಡದು ಮಾಡಿ
ಒತಿಯಾ ಬಾಯಿ ತೆರೆದಾಗಲೆಲ್ಲ ತೊದಲಿಸಿತ್ತು.
ನಾಲ್ಕು ಸಂಜೆ ಹಿಡಿಯಿತು ತೊದಲು ಬಿಡಿಸಲು.

ದ್ರಾಕ್ಷಿಯ ಲೆಕ್ಕ ಅದು. ಯಾವ ಹಿತ್ತಿಲಲ್ಲಿ ಯಾವ ಬಳ್ಳಿ,
ಯಾರು ನೆಟ್ಟದ್ದು, ಯಾವ ಮರಕ್ಕೆ ಹಬ್ಬಿದ್ದು,
ತ್ಸೋಲಿಕೌರಿ, ಕ್ರಾಖುನಾ,
ಹೆಸರೇ ಇಲ್ಲದ್ದಕ್ಕೆ ಮನೆಯೊಡತಿಯ ಹೆಸರು.
ತೊಂಬತ್ತನಾಲ್ಕರ ಚಳಿಗಾಲ. ರಾತ್ರಿ ಎರಡು ತಾಸು ಕರೆಂಟು.
ಎರಡೂ ಹತ್ತಕ್ಕೆ ಉಳಿಸಿದ್ದಾನೆ, ಎರಡೂ ಹನ್ನೆರಡಕ್ಕೆ,
ಕ್ರಿಯಾಪದಕ್ಕೂ ಕಾಯದೆ ಎರಡೂ ಹದಿಮೂರಕ್ಕೆ.

ಆ ಹಳೇ ಪ್ರೋಗ್ರಾಮಿಗೊಂದು ಸೋಮಾರಿತನ:
ಬೇಗ ಉಳಿಸು ಅಂದರೆ
ಅಳಿಸಿದ್ದನ್ನು ಆಚೆ ಎಸೆಯದೆ
ಬಾಗಿಲ ಹಿಂದಕ್ಕೆ ಗುಡಿಸಿಡುತ್ತಿತ್ತು.
ನಾನು ಬಾಗಿಲು ಸರಿಸಿದೆ. ಸರಿಸಬೇಕಾಗಿರಲಿಲ್ಲ.

ನಲವತ್ತೊಂದನೇ ಬಳ್ಳಿ, ತ್ಸಿಯಾಲಾಳ ಅಪ್ಪ ನೆಟ್ಟದ್ದು.
ಪುಟದಲ್ಲಿ: "ಹಿಮಕ್ಕೆ ಸತ್ತಿತು."
ಬಾಗಿಲ ಹಿಂದೆ: "ನಾನೇ ಕೊಯ್ದೆ,
ಬಳ್ಳಿಯನ್ನೂ ಅದು ತಬ್ಬಿದ್ದ ಹಿಪ್ಪುನೇರಳೆಯನ್ನೂ.
ಮಗುವಿಗೆ ಕೆಮ್ಮು, ಒಲೆ ತಣ್ಣಗೆ.
ಅವಳು ತಂಗಿಯ ಊರಲ್ಲಿದ್ದಳು. ಬಂದಾಗ ಹಿಮ ಅಂದೆ."

ಮುದ್ರಿಸಿ ಕೊಟ್ಟದ್ದು ಪುಟವನ್ನು ಮಾತ್ರ.

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಓದಿದಳು,
ಕೋಟಿನ ಗುಂಡಿ ಬಿಚ್ಚದೆ, ಪುಟಕ್ಕೊಮ್ಮೆ ಬೆರಳು ನೆಕ್ಕಿ.
ಗಿರಾಕಿಗಳು ಬಂದರು, ಹೋದರು.
ನಲವತ್ತೊಂದರ ಹತ್ತಿರ ಬೆರಳು ನಿಂತಿತು.
"ಹಿಮಕ್ಕೆ," ಅಂದಳು, "ಗರಗಸ ಹಿಡಿಯಲು ಬರುತ್ತದೆಯೇನಪ್ಪಾ?
ಬುಡ ನೋಡಿದ್ದೆ ನಾನು. ಮಟ್ಟಸವಾಗಿತ್ತು, ಮೇಜಿನ ಹಾಗೆ."
"ತಿದ್ದಲೇ?" ಎಂದೆ. ಗಂಟಲು ಒಣಗಿತ್ತು.
"ಬೇಡ. ಕಷ್ಟಪಟ್ಟು ಹೇಳಿದ ಸುಳ್ಳು. ಇರಲಿ."

ದುಡ್ಡು ಎಣಿಸಿಟ್ಟಳು, ಒಂದು ಲಾರಿ ಹೆಚ್ಚಿಗೆ.
ಏಳನೆಯ ಫ್ಲಾಪಿಯನ್ನು ಡಬ್ಬಿ ಸಮೇತ ನನ್ನ ಕಡೆ ದೂಡಿದಳು:
"ನಿನ್ನ ಹತ್ತಿರವೇ ಇರಲಿ. ಅದು ಮಾತಾಡದ ದಿನಗಳೂ ಅವನಿಗಿದ್ದವು."

ಸಂಜೆ ಅಂಗಡಿ ಮುಚ್ಚುವಾಗ
ಆ ತುಣುಕಿನ್ನೂ ತೆರೆದೇ ಇತ್ತು, ಹೆಸರಿಲ್ಲದೆ.
ಉಳಿಸಲೋ ಬೇಡವೋ ಎಂದು ಕೇಳಿತು ಯಂತ್ರ.
ಉತ್ತರ ಕೊಡದೆ ಕೂತೆ.
ಬೀದಿಯುದ್ದಕ್ಕೂ ದೀಪ ಉರಿಯುತ್ತಿದ್ದವು,
ಕರೆಂಟು ಇತ್ತು, ಅವಸರವೇನೂ ಇರಲಿಲ್ಲ.