ಸುಣ್ಣದ ಕೆಳಗೆ

ಓಟೀಲಿಯ ಬಾಗಿಲಿಗೆ ಭುಜ ಕೊಡುತ್ತಾಳೆ—
ನೆರೆ ಇಳಿದು ತಿಂಗಳಾದರೂ ಓಕ್ ಹಲಗೆ ಊದೇ ಇದೆ.
ಎಲ್ಬೆ ಈ ಸಲ ಬಲಿಪೀಠದ ಎರಡನೇ ಮೆಟ್ಟಿಲೇರಿತ್ತು.

ಮೇಲೆ, ಮೂರು ಗಂಟೆಯ ಚೌಕಟ್ಟಿನಲ್ಲಿ ಒಂದೇ ಗಂಟೆ;
ಇನ್ನೆರಡನ್ನು ಯುದ್ಧಕಾಲದಲ್ಲಿ ಇಳಿಸಿ ಒಯ್ದರು, ಫಿರಂಗಿ ಎರೆಯಲು.
ಆರು ಹೊಡೆದರೆ ಮುದುಕರಿಗೆ ಹದಿನೆಂಟು ಕೇಳುತ್ತದಂತೆ.

ಊರು ಲೂಥರನ್ ಆದ ವರ್ಷ ಸಂತರಿಗೆಲ್ಲ ಸುಣ್ಣ.
ಬಳಿದವನು ಇವಳದೇ ವಂಶದ ಯೋಸ್ಟ್:
ದಿನಕ್ಕೆ ಮೂರು ಗ್ರೋಶೆನ್, ಬಿಯರು ಬೇರೆ—ಲೆಕ್ಕದ ಪುಸ್ತಕದಲ್ಲಿದೆ.
ಈಗ ತೇವಕ್ಕೆ ಹಕ್ಕಳೆಯೆದ್ದು
ಒಂದು ಪಾದ ಹೊರಬಂದಿದೆ. ಬರೀ ಪಾದ,
ನದಿ ದಾಟುತ್ತಿದೆ; ಹೆಬ್ಬೆರಳಿಗೆ ಮುತ್ತಿದ ಮೀನು.

ತಜ್ಞರು ಹಲ್ಲುಜ್ಜುವ ಬ್ರಷ್ಷು ಹಿಡಿದು ಬಂದರು:
ಮಂಡಿ, ಮುಖ, ಎಲ್ಲ ಬಿಡಿಸಿ ಕೊಡುತ್ತೇವೆ.
ಓಟೀಲಿಯ ಗೋಡೆಯ ಬಿಳುಪನ್ನು ಅಂಗೈಯಿಂದ ಸವರಿದಳು.
ಇದೂ ಒಬ್ಬ ಬಳಿದದ್ದೇ, ಎಂದಳು.